ಪೇಟೆಯ ಅನನ್ಯತೆ: ವಲಸೆ, ವಾಸ ಮತ್ತು ಮರಳುವಿಕೆ

ಬೆಂಗಳೂರಿನ ಹಳೆಯ ಪೇಟೆಯನ್ನು ಕುರಿತ ಬರವಣಿಗೆಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಪೇಟೆಯೇ ‘ಮೂಲ ಬೆಂಗಳೂರು’ ಎಂಬುದು ಮೊದಲನೆಯದು. ಹೊರಗಿನಿಂದ ಬಂದವರಿಂದಾಗಿ ಆ ಮೂಲದ ಚಹರೆ ಅಳಿಸಿಹೋಯಿತು ಎಂಬುದು ಎರಡನೆಯದು. ಸ್ಥಳೀಯ ಇತಿಹಾಸ, ನೆನಪಿನ ಬರಹ, ಜಾನಪದ ಸಂಗ್ರಹ ಈ ಮೂರರಲ್ಲಿಯೂ ಇವು ಪರಸ್ಪರ ಪೋಷಕವಾಗಿ ಬೆಳೆದುಬಂದಿವೆ. ಆದರೆ ಪೇಟೆಯ ಆಚರಣೆ, ಐತಿಹ್ಯ ಮತ್ತು ಸ್ಥಳನಾಮಗಳನ್ನೇ ಆಕರವಾಗಿಟ್ಟುಕೊಂಡು ಪರಿಶೀಲಿಸಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಪೇಟೆಯ ಅನನ್ಯತೆಯನ್ನು ಕಟ್ಟಿದ್ದು ವಲಸೆ. ಅದನ್ನು ಸಡಿಲಗೊಳಿಸುತ್ತಿರುವುದು ವಾಸದ ನಷ್ಟ. ಈ ಎರಡನ್ನೂ ಒಂದೇ ಪ್ರಕ್ರಿಯೆಯೆಂದು ಭಾವಿಸಿರುವುದು ಇದುವರೆಗಿನ ಬರವಣಿಗೆಯ ಮುಖ್ಯ ದೌರ್ಬಲ್ಯವಾಗಿದೆ.

೧. ಹೆಸರುಗಳ ಸಾಕ್ಷ್ಯ

ಹಿರಿಯ ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿದರೆಂಬುದು ಒಪ್ಪಿತವಾದ ಸಂಗತಿ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ಬೀದಿಗಳನ್ನು ಗುರುತಿಸಿದರೆಂಬ ಐತಿಹ್ಯ ಇಂದಿಗೂ ಜನಜನಿತವಾಗಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ ಎಂಬ ಹೆಸರುಗಳು ಸರಕನ್ನು ಸೂಚಿಸುತ್ತವೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆಗಳು ಸಮುದಾಯವನ್ನು ಸೂಚಿಸುತ್ತವೆ. ಈ ಪಟ್ಟಿಯನ್ನು ಕೊಟ್ಟು, ಪ್ರತಿ ಪೇಟೆಗೂ ಒಂದು ಕುಲ, ಪ್ರತಿ ಕುಲಕ್ಕೂ ಒಂದು ಕಸುಬು ಎಂಬ ಅಚ್ಚುಕಟ್ಟಾದ ಚಿತ್ರವನ್ನು ಬಿಡಿಸುವುದು ವಾಡಿಕೆ.

ಈ ಚಿತ್ರದಲ್ಲಿ ಕಾಲದ ಅಂಶವೇ ಇಲ್ಲ. ಸುಲ್ತಾನ್‌ಪೇಟೆ, ಕಬ್ಬನ್‌ಪೇಟೆ, ಕಾಟನ್‌ಪೇಟೆ ಎಂಬ ಹೆಸರುಗಳೂ ಅದೇ ನೆಲದ ಮೇಲೆ ಇವೆ. ಇವುಗಳಲ್ಲಿ ಕಬ್ಬನ್‌ಪೇಟೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಹೆಸರನ್ನು ಹೊತ್ತಿದೆ. ಆದರೂ ಅದು ದೇವಾಂಗ ನೇಕಾರರ ಮಗ್ಗಗಳಿಂದ ಪ್ರಸಿದ್ಧವಾದ ಕೇರಿ. ದೊಡ್ಡಪೇಟೆಯೇ ಅವೆನ್ಯೂ ರಸ್ತೆಯಾಯಿತು. ಹೆಸರುಗಳು ಒಂದರ ಮೇಲೊಂದು ಕೂತಿವೆಯೇ ಹೊರತು ಒಂದೇ ದಿನ ಹಂಚಿಕೆಯಾದವಲ್ಲ. ಆದ್ದರಿಂದ ಪೇಟೆಯ ಹೆಸರುಗಳನ್ನು ನಿವಾಸಿಗಳ ಸ್ಥಿರ ದಾಖಲೆಯೆಂದು ಓದುವುದಕ್ಕಿಂತ, ಬಂದು ನೆಲೆಸಿದವರ ಸರದಿಯ ದಾಖಲೆಯೆಂದು ಓದುವುದು ಹೆಚ್ಚು ಸಮಂಜಸ.

ರಾಜಕೀಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದ ಬಳಿಕ ಅದು ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಘಲರ ಕೈಸೇರಿ, ಅವರಿಂದ ಚಿಕ್ಕದೇವರಾಜ ಒಡೆಯರಿಗೆ ಬಂತು. ಅನಂತರ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ. 1791ರಲ್ಲಿ ಕಾರ್ನ್‌ವಾಲಿಸನ ದಾಳಿ. ಪ್ರತಿಯೊಂದು ಪಲ್ಲಟದೊಂದಿಗೆ ಸೈನಿಕರು, ನೇಕಾರರು, ವರ್ತಕರು, ತೋಟಗಾರರು ಬಂದರು. ಕನ್ನಡ, ತೆಲುಗು, ತಮಿಳು, ಮರಾಠಿ, ದಖನಿ ಉರ್ದು ಮಾತನಾಡುವವರು ಒಂದೇ ಓಣಿಯಲ್ಲಿ ವ್ಯವಹರಿಸುವ ಪೇಟೆ ಹೀಗೆ ರೂಪುಗೊಂಡಿತು. ಇಲ್ಲಿ ‘ಮೂಲನಿವಾಸಿ’ ಎಂಬ ಗೆರೆಯನ್ನು ಯಾವ ಶತಮಾನದಲ್ಲಿ ಎಳೆಯಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ.

೨. ಬಂದವರ ಹಬ್ಬವೇ ಊರಹಬ್ಬ

ಈ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯವನ್ನು ಕರಗವು ಒದಗಿಸುತ್ತದೆ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟು, ಪೇಟೆಯ ಬೀದಿಗಳಲ್ಲಿ ಸುತ್ತಿ ಬೆಳಗಿನ ಹೊತ್ತಿಗೆ ಮರಳುವ ಹೂವಿನ ಕರಗವನ್ನು ಬೆಂಗಳೂರಿನ ಊರಹಬ್ಬವೆಂದೇ ಎಲ್ಲರೂ ಒಪ್ಪಿದ್ದಾರೆ. ಇದನ್ನು ನಡೆಸುವವರು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳರು. ‘ತಿಗಳ’ ಎಂಬ ಪದ ಹಿಂದಿನ ಕನ್ನಡದಲ್ಲಿ ತಮಿಳರನ್ನು ಸೂಚಿಸುತ್ತಿತ್ತು. ಕರಗದ ಅಧಿದೇವತೆಯಾದ ದ್ರೌಪದಿಯ ಆರಾಧನೆ ದಟ್ಟವಾಗಿರುವುದು ತಮಿಳುನಾಡಿನ ಉತ್ತರದ ಜಿಲ್ಲೆಗಳಲ್ಲಿ. ಅಂದರೆ, ಬೆಂಗಳೂರಿನದೇ ಎಂದು ಯಾವ ಹಬ್ಬವನ್ನು ಎಲ್ಲಕ್ಕಿಂತ ಮೊದಲು ಹೆಸರಿಸಲಾಗುತ್ತದೆಯೋ ಅದು ವಲಸೆ ಬಂದ ತೋಟಗಾರ ಸಮುದಾಯವೊಂದು ಹೊತ್ತುತಂದು ಇಲ್ಲಿನ ನೆಲಕ್ಕೆ ಕಸಿ ಮಾಡಿದ ಹಬ್ಬ.

ಕಸಿ ಹೇಗೆ ನಡೆಯಿತೆಂಬುದನ್ನು ಕರಗದ ಹಾದಿಯೇ ತೋರಿಸುತ್ತದೆ. ಕರಗವು ಒಂದು ಕುಲದ ಕೇರಿಯೊಳಗೆ ಮುಗಿಯುವುದಿಲ್ಲ. ಬೇರೆ ಬೇರೆ ಸಮುದಾಯಗಳ ಗುಡಿಗಳ ಮುಂದೆ ನಿಂತು ಪೂಜೆ ಪಡೆಯುತ್ತದೆ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಮಸ್ತಾನರಿಗೂ ಕರಗಕ್ಕೂ ನಂಟು ಕಲ್ಪಿಸುವ ಐತಿಹ್ಯಗಳು ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಪ್ರಚಲಿತವಾಗಿವೆ. ಅವುಗಳ ಚಾರಿತ್ರಿಕ ಸತ್ಯಾಸತ್ಯತೆಗಿಂತ ಅವು ನಿರ್ವಹಿಸುವ ಕಾರ್ಯ ಇಲ್ಲಿ ಮುಖ್ಯ. ಹೊರಗಿನಿಂದ ಬಂದ ಸೂಫಿಯೊಬ್ಬನನ್ನು ಹೊರಗಿನಿಂದ ಬಂದ ದೇವಿಯೊಬ್ಬಳು ಭೇಟಿಯಾಗುವ ನೆಲವನ್ನು ಪೇಟೆ ತನ್ನದೆಂದು ಹೇಳಿಕೊಳ್ಳುತ್ತದೆ. ಅದೇ ರಾತ್ರಿ ನಗರದ ನಾನಾ ದೇವಾಲಯಗಳ ಹೂವಿನ ಪಲ್ಲಕ್ಕಿಗಳು ಪೇಟೆಯ ಕಡೆಗೆ ಬಂದು ಸೇರುವುದು ಈ ಒಪ್ಪಂದದ ವಿಸ್ತರಣೆ.

ಇಪ್ಪತ್ತನೆಯ ಶತಮಾನದ ವಲಸೆಯನ್ನು ಇದೇ ಮಾನದಂಡದಿಂದ ಅಳೆಯಬೇಕಾಗುತ್ತದೆ. ರಾಜಸ್ಥಾನ ಮತ್ತು ಗುಜರಾತಿನ ವರ್ತಕ ಕುಟುಂಬಗಳು ಚಿಕ್ಕಪೇಟೆಯ ಬಟ್ಟೆ ವ್ಯಾಪಾರದಲ್ಲಿ ನೆಲೆಯೂರಿದವು. ಜೈನ ಬಸದಿ ಬಂತು, ಮಹಾವೀರ ಜಯಂತಿಯ ಮೆರವಣಿಗೆ ಬಂತು. ನಗರ್ತಪೇಟೆಯ ಒಡವೆ ಕೆಲಸದ ಕೋಣೆಗಳಿಗೆ ಬಂಗಾಳದ ಅಕ್ಕಸಾಲಿಗರು ಬಂದರು. ತಿಗಳರ ಆಗಮನವನ್ನು ಪರಂಪರೆಯೆಂದೂ ಮಾರವಾಡಿಗಳ ಆಗಮನವನ್ನು ಆಕ್ರಮಣವೆಂದೂ ಬಗೆಯುವ ಬರವಣಿಗೆ ಇವೆರಡರ ನಡುವೆ ಇರುವ ವ್ಯತ್ಯಾಸವನ್ನು ತಪ್ಪಾದ ಕಡೆ ಹುಡುಕುತ್ತಿದೆ. ವ್ಯತ್ಯಾಸ ಇರುವುದು ಬಂದವರ ಭಾಷೆಯಲ್ಲಿ ಅಲ್ಲ. ಮೊದಲು ಬಂದವರಿಗೆ ಪೇಟೆಯಲ್ಲಿ ಮನೆ, ಕಸುಬು, ಗುಡಿ ಮೂರೂ ಒಂದೇ ಓಣಿಯಲ್ಲಿ ದೊರೆತವು. ಈಚೆಗೆ ಬಂದವರಿಗೆ ದೊರೆಯುತ್ತಿರುವುದು ಅಂಗಡಿ ಅಥವಾ ಕೆಲಸದ ಕೋಣೆ ಮಾತ್ರ.

೩. ಪರಿಕಲ್ಪನೆಯ ಮಿತಿ

ವಾಸದ ನಷ್ಟವನ್ನು ವಿವರಿಸಲು ಈಗ ‘ಜೆಂಟ್ರಿಫಿಕೇಶನ್’ ಎಂಬ ಪರಿಕಲ್ಪನೆಯನ್ನು ಬಳಸುವುದು ರೂಢಿಯಾಗಿದೆ. ಇದನ್ನು 1964ರಲ್ಲಿ ರೂತ್ ಗ್ಲಾಸ್ ಅವರು ಲಂಡನ್ನಿನ ದುಡಿಮೆಗಾರರ ಬಡಾವಣೆಗಳನ್ನು ಮಧ್ಯಮವರ್ಗದವರು ಒಳಹೊಕ್ಕು ಆಕ್ರಮಿಸಿದ ವಿದ್ಯಮಾನಕ್ಕೆ ಹೆಸರಾಗಿ ಟಂಕಿಸಿದರು. ಹಳೆಯ ಮನೆಗೆ ಹಣವಂತ ನಿವಾಸಿ ಬರುತ್ತಾನೆ, ಬಡ ನಿವಾಸಿ ಹೊರಡುತ್ತಾನೆ. ಕೇರಿಯ ಚಹರೆ ಬದಲಾಗುತ್ತದೆ. ಈ ವಿವರಣೆಯನ್ನು ಪೇಟೆಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಪೇಟೆಯಲ್ಲಿ ಮೊದಲು ಹೊರಟವರು ಅನುಕೂಲಸ್ಥರು. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಓಣಿಗಳಿಗೆ ಬದಲಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಶಕ್ತರಾದವರು ಅಲ್ಲಿಗೆ ಸರಿದರು. ಕೃಷ್ಣರಾಜೇಂದ್ರ ಮಾರುಕಟ್ಟೆ ಬಂದ ಮೇಲೆ ಪೇಟೆಯ ದಕ್ಷಿಣದ ಅಂಚು ಇಡೀ ನಗರದ ಸಗಟು ವ್ಯಾಪಾರದ ಕೇಂದ್ರವಾಯಿತು. ನಗರ ಬೆಳೆದಂತೆ ಪೇಟೆಯ ನೆಲದ ಬೆಲೆ ಏರಿತು. ಆದರೆ ಏರಿದ ಬೆಲೆಯನ್ನು ತೆರಲು ಬಂದವರು ವಾಸಕ್ಕೆ ಬಂದವರಾಗಿರಲಿಲ್ಲ. ಮುಂಬಾಗಿಲ ಜಗುಲಿ ಅಂಗಡಿಯಾಯಿತು, ನಡುಮನೆ ದಾಸ್ತಾನು ಕೋಣೆಯಾಯಿತು, ಮನೆಯವರು ಮೇಲಂತಸ್ತಿಗೆ ಏರಿದರು, ಕೊನೆಗೆ ದೂರದ ಬಡಾವಣೆಗೆ ಹೊರಟರು. ಲಂಡನ್ನಿನಲ್ಲಿ ಬಡವರ ಜಾಗಕ್ಕೆ ಸಿರಿವಂತರು ಬಂದರು; ಪೇಟೆಯಲ್ಲಿ ಮನುಷ್ಯರ ಜಾಗಕ್ಕೆ ಸರಕು ಬಂತು. ಇದನ್ನು ‘ನಿರ್ವಸತೀಕರಣ’ ಎಂದು ಕರೆಯುವುದು ಹೆಚ್ಚು ನಿಖರವಾದೀತು.

2017ರಲ್ಲಿ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಮೆಟ್ರೋ ನಿಲ್ದಾಣಗಳು ತೆರೆದವು. ಪೇಟೆಗೆ ಬಂದು ಹೋಗುವುದು ಸುಲಭವಾಯಿತು. ಆದರೆ ಬಂದುಹೋಗುವ ಅನುಕೂಲ ಹೆಚ್ಚಿದಷ್ಟೂ ಅಲ್ಲಿಯೇ ಇರಬೇಕಾದ ಅಗತ್ಯ ಕಡಿಮೆಯಾಗುತ್ತದೆ. ಉಳಿದುಕೊಂಡವರ ಸ್ಥಿತಿಯನ್ನು 2025ರ ಆಗಸ್ಟ್‌ನ ದುರಂತ ತೋರಿಸಿತು. ನಗರ್ತಪೇಟೆಯ ವಾಣಿಜ್ಯ ಕಟ್ಟಡವೊಂದಕ್ಕೆ ಬೆಂಕಿ ತಗುಲಿ, ಅದರ ಮೇಲಂತಸ್ತಿನಲ್ಲಿ ವಾಸವಾಗಿದ್ದ ರಾಜಸ್ಥಾನ ಮೂಲದ ಕುಟುಂಬವೊಂದು ಜೀವ ಕಳೆದುಕೊಂಡಿತು. ‘ಹೊರಗಿನವರು ಪೇಟೆಯನ್ನು ಕಬಳಿಸಿದರು’ ಎಂಬ ಮಾತನ್ನು ಈ ಘಟನೆಯ ಎದುರಿಗಿಟ್ಟು ನೋಡಬೇಕು. ಸರಕಿನ ಮೇಲೆ ಮನೆ ಮಾಡಿಕೊಂಡು ಬದುಕುವ ವಲಸಿಗನೂ ನಿರ್ವಸತೀಕರಣದ ಬಲಿಪಶುವೇ ಆಗಿದ್ದಾನೆ.

೪. ನೆನಪು ಉಳಿಸುವುದೇನು, ಬಿಡುವುದೇನು

ಬೆಂಗಳೂರಿನ ಆಚರಣೆಗಳನ್ನು ಕುರಿತು ಗಂಭೀರವಾಗಿ ಚಿಂತಿಸಿದ ಕೃತಿಗಳಲ್ಲಿ ಸ್ಮೃತಿ ಶ್ರೀನಿವಾಸ್ ಅವರ ‘ಲ್ಯಾಂಡ್‌ಸ್ಕೇಪ್ಸ್ ಆಫ್ ಅರ್ಬನ್ ಮೆಮೊರಿ’ (2001) ಮಹತ್ತ್ವದ್ದು. ಕರಗವನ್ನು ನಗರದ ಕೆರೆ, ತೋಟ ಮತ್ತು ತಿಗಳರ ಬದುಕಿನೊಂದಿಗೆ ಜೋಡಿಸಿ, ಆಚರಣೆಯನ್ನು ನಗರದ ಸ್ಮೃತಿಯಾಗಿ ಓದುವ ದಾರಿಯನ್ನು ಅದು ತೆರೆಯಿತು. ಜಾನಕಿ ನಾಯರ್ ಅವರ ‘ದಿ ಪ್ರಾಮಿಸ್ ಆಫ್ ದ ಮೆಟ್ರೊಪೊಲಿಸ್’ (2005) ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಭೂಮಿ, ಯೋಜನೆ ಮತ್ತು ಭಾಷೆಯ ಸಂಘರ್ಷಗಳನ್ನು ವಿಶದಪಡಿಸಿತು. ಕನ್ನಡದ ಜಾನಪದ ಅಧ್ಯಯನಗಳು ಈ ಎರಡರ ನಡುವಿನ ಜಾಗವನ್ನು ತುಂಬಬೇಕಾಗಿತ್ತು. ಆದರೆ ಜನಪದವೆಂದರೆ ಹಳ್ಳಿ ಎಂಬ ಪೂರ್ವಗ್ರಹದಿಂದಾಗಿ ಅವು ಪೇಟೆಯ ಆಚರಣೆಗಳನ್ನು ನಗರದೊಳಗೆ ಉಳಿದ ಹಳ್ಳಿಯ ಅವಶೇಷಗಳೆಂಬಂತೆ ಸಂಗ್ರಹಿಸಿದವು. ಪಠ್ಯ ಮತ್ತು ವಿಧಿಗಳು ದಾಖಲಾದವು. ವಿಧಿ ನಡೆಯುವ ಓಣಿಯ ಮನೆಗಳಲ್ಲಿ ಯಾರಿದ್ದಾರೆಂಬ ಪ್ರಶ್ನೆ ದಾಖಲೆಯ ಹೊರಗುಳಿಯಿತು.

ಆಚರಣೆ ಉಳಿದರೆ ಅನನ್ಯತೆ ಉಳಿಯಿತೆಂಬ ತೀರ್ಮಾನ ಎಷ್ಟು ಅಪಾಯಕಾರಿ ಎಂಬುದಕ್ಕೆ ಸಂಪಂಗಿ ಕೆರೆಯ ಉದಾಹರಣೆ ಸಾಕು. ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಹಸಿ ಕರಗದ ವಿಧಿಗೆ ಬೇಕಾದಷ್ಟು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಆ ನೀರನ್ನು ನಂಬಿದ್ದ ತೋಟಗಳಿಲ್ಲ. ವಿಧಿ ತನಗೆ ಬೇಕಾದ ನೀರನ್ನು ಉಳಿಸಿಕೊಂಡಿತು. ಬದುಕಿಗೆ ಬೇಕಾದ ನೀರನ್ನು ಉಳಿಸಲಾಗಲಿಲ್ಲ. ಮನೆಗಳ ವಿಷಯದಲ್ಲಿಯೂ ಇದೇ ಆಗುವ ಸಾಧ್ಯತೆಯಿದೆ. ಕರಗದ ಹಾದಿ ಉಳಿಯುತ್ತದೆ, ಹಾದಿಯ ಎರಡೂ ಬದಿಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಕಾಯುವವರು ಉಳಿಯದೆ ಹೋಗಬಹುದು. ಇಳಿಸಿದ ಶಟರುಗಳ ಮುಂದೆ ಹಾಯುವ ಮೆರವಣಿಗೆಯೂ ಮೆರವಣಿಗೆಯೇ. ಆದರೆ ಅದನ್ನು ಬರಮಾಡಿಕೊಳ್ಳುವ ಮನೆಯಿಲ್ಲದಿದ್ದರೆ ಅದು ಕೇರಿಯ ಆಚರಣೆಯಾಗಿರದೆ ಕೇರಿಯ ಮೂಲಕ ಸಾಗುವ ಪ್ರದರ್ಶನವಾಗುತ್ತದೆ.

ಕರಗದ ಐತಿಹ್ಯವೇ ಈ ಸಮಸ್ಯೆಯನ್ನು ಬಲ್ಲಂತಿದೆ. ತಿಮಿರಾಸುರನನ್ನು ಎದುರಿಸಲು ದ್ರೌಪದಿಯು ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿದಳು. ಅಸುರನ ವಧೆಯಾದ ಬಳಿಕ ಅವಳು ಹೊರಟು ನಿಂತಾಗ ಮಕ್ಕಳು ಹೋಗಬೇಡವೆಂದು ಬೇಡಿದರು. ಇರಲಾರೆ, ಆದರೆ ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಅವಳು ಮಾತು ಕೊಟ್ಟಳು. ಈ ಕಥೆ ವಾಸದ ಕಥೆಯಲ್ಲ, ಮರಳುವಿಕೆಯ ಕಥೆ. ಬೇರೆ ಬಡಾವಣೆಗಳಲ್ಲಿ ನೆಲೆಸಿರುವ ಕುಲಸ್ಥರು ದೀಕ್ಷೆ ತೊಟ್ಟು, ಕತ್ತಿ ಹಿಡಿದು ಚೈತ್ರದಲ್ಲಿ ಪೇಟೆಗೆ ಬರುವಾಗ ಅವರು ದೇವಿಯ ಮಾತನ್ನೇ ನಡೆಸುತ್ತಿರುತ್ತಾರೆ. ಪೇಟೆಯ ಅನನ್ಯತೆ ಇಷ್ಟು ಸ್ಥಿತ್ಯಂತರಗಳ ನಡುವೆಯೂ ಬಾಳಿರುವುದಕ್ಕೆ ಮರಳುವಿಕೆಯ ಈ ತತ್ತ್ವ ಒಂದು ಕಾರಣ. ಆದರೆ ಕಥೆಯ ಇನ್ನೊಂದು ಅಂಶವನ್ನು ವ್ಯಾಖ್ಯಾನಕಾರರು ಸಾಮಾನ್ಯವಾಗಿ ಮರೆಯುತ್ತಾರೆ. ದೇವಿ ಮರಳುವುದು ಅಲ್ಲಿಯೇ ಉಳಿದವರ ಬಳಿಗೆ. ಎಲ್ಲರೂ ಮರಳುವವರೇ ಆದರೆ ಬರಮಾಡಿಕೊಳ್ಳುವವರು ಯಾರು?

೫. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಪೇಟೆಯ ಅನನ್ಯತೆ ವಲಸೆಗಳಿಂದ ಪದರ ಪದರವಾಗಿ ರೂಪುಗೊಂಡದ್ದರಿಂದ ವಲಸೆಯನ್ನು ಅದರ ಶತ್ರುವೆಂದು ಪರಿಗಣಿಸುವ ಬರವಣಿಗೆ ತನ್ನ ಆಕರಗಳಿಗೇ ವಿರುದ್ಧವಾಗಿದೆ. ಪಶ್ಚಿಮದ ನಗರಗಳಿಂದ ಎರವಲು ಪಡೆದ ಪರಿಕಲ್ಪನೆಯು ನೆಲದ ಬೆಲೆ ಜನರನ್ನು ಸ್ಥಳಾಂತರಿಸುವ ಬಗೆಯನ್ನು ಸೂಚಿಸಬಲ್ಲದು, ಆದರೆ ಸರಕಿಗಾಗಿ ಮನೆ ಖಾಲಿಯಾಗುವ ಪೇಟೆಯ ವಿಶಿಷ್ಟ ಸ್ಥಿತಿಯನ್ನು ಅದು ಒಳಗೊಳ್ಳುವುದಿಲ್ಲ. ಮೂರನೆಯದಾಗಿ, ಆಚರಣೆಯ ದಾಖಲೆಯು ನಿವಾಸದ ದಾಖಲೆಯೊಂದಿಗೆ ಕೂಡಿರದಿದ್ದರೆ ಜಾನಪದ ಅಧ್ಯಯನವು ಅರಿವಿಲ್ಲದೆಯೇ ಖಾಲಿಯಾಗುತ್ತಿರುವ ಕೇರಿಗೆ ಹಬ್ಬದ ತೆರೆ ಎಳೆದಂತಾಗುತ್ತದೆ.

ಕರಗದ ಹಾದಿಯ ಮನೆಗಳ ಎಣಿಕೆ, ಅಲ್ಲಿರುವವರ ಮನೆಮಾತು, ಕಸುಬು ಮತ್ತು ಆ ರಾತ್ರಿ ಅವರು ವಹಿಸುವ ಪಾತ್ರ ಇವುಗಳನ್ನು ದಾಖಲಿಸುವುದು ಇಂದಿನ ತುರ್ತು. ಚಿಕ್ಕಪೇಟೆಯ ಗುಜರಾತಿ ಮನೆ, ಒಡವೆ ಕೆಲಸದ ಕೋಣೆಯಲ್ಲಿ ಮಲಗುವ ಬಂಗಾಳಿ ಅಕ್ಕಸಾಲಿಗ, ಕಬ್ಬನ್‌ಪೇಟೆಯಲ್ಲಿ ಉಳಿದಿರುವ ಮಗ್ಗದ ಮನೆ ಇವೆಲ್ಲವೂ ಆ ದಾಖಲೆಯಲ್ಲಿ ತಿಗಳರ ಮನೆಯಷ್ಟೇ ಸಹಜವಾಗಿ ಸೇರಬೇಕು. ಪಾರಂಪರಿಕ ಪ್ರದೇಶವೆಂಬ ಹೆಸರಿನಲ್ಲಿ ಕಟ್ಟಡದ ಮುಖಗಳನ್ನು ರಕ್ಷಿಸುವ ಯೋಜನೆಗಳಿಗೂ ಇಂಥ ದಾಖಲೆಯೇ ಆಧಾರವಾಗಬೇಕು. ಮಲಗಲು, ಅಡುಗೆ ಮಾಡಲು, ಬಾಗಿಲಿಗೆ ನೀರು ಹಾಕಲು ಜನರಿರುವ ಓಣಿಯನ್ನು ಮಾತ್ರ ಪೇಟೆಯೆನ್ನಬಹುದು, ಉಳಿದದ್ದು ಮಳಿಗೆ.