ಕಡಲತಳದ ಹೈಡ್ರೋಕಾರ್ಬನ್ನುಗಳು: ಮೂಲನಿರ್ಣಯದ ವಿಮರ್ಶೆ

ಕಡಲತಳದ ಕೆಸರಿನಲ್ಲಿ ಹೈಡ್ರೋಕಾರ್ಬನ್ನುಗಳು ದೊರೆತೊಡನೆ ಅವನ್ನು ಹಡಗಿನ ಎಣ್ಣೆಯ ಲೆಕ್ಕಕ್ಕೆ ಬರೆಯುವುದು ಸುಲಭ. ಪ್ರಕೃತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೂ ಅಷ್ಟೇ ಸುಲಭ. ಈ ಎರಡು ಬಗೆಯ ಆತುರವೂ ಸಲ್ಲದೆಂಬುದಕ್ಕೆ ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲ ಒಳಚಾಚಿನ ವಿವಾದವೇ ನಿದರ್ಶನ.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಅಲ್ಲಿಯ ಬಂಡೆಸಾಲಿಗೆ ತಗುಲಿ, ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಕಡಲು ಸೇರಿತು. ಆಳದ ಕೆಸರನ್ನು ಪರೀಕ್ಷಿಸಿದಾಗ, ಅಪಘಾತಕ್ಕೆ ಬಹಳ ಹಿಂದೆಯೇ ಕೂಡಿದ್ದ ಪದರಗಳಲ್ಲಿಯೂ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು ಕಂಡುಬಂದವು. ಫಿನಾಂತ್ರೀನುಗಳಿಗೆ ಹೋಲಿಸಿದರೆ ಗಂಧಕಯುಕ್ತ ಡೈಬೆಂಜೊಥಯೊಫೀನುಗಳು ಹಡಗಿನ ಎಣ್ಣೆಯಲ್ಲಿ ಹೆಚ್ಚು, ಈ ಹಳೆಯ ಪದರಗಳಲ್ಲಿ ಕಡಮೆ. ಆದಕಾರಣ ಈ ಹಿನ್ನೆಲೆಯ ಅಂಶವು ಹಡಗಿನದಲ್ಲವೆಂಬುದರಲ್ಲಿ ಉಭಯ ಪಕ್ಷಗಳಿಗೂ ಒಮ್ಮತವಿದೆ.

ಹಾಗಾದರೆ ಅದು ಬಂದುದೆಲ್ಲಿಂದ? ಎಕ್ಸಾನ್ ಕಂಪನಿಯ ನೆರವಿನಿಂದ ಸಂಶೋಧನೆ ನಡೆಸಿದ ಪೇಜ್, ಬೋಮ್ ಮೊದಲಾದವರು, ಅಲಾಸ್ಕ ಕೊಲ್ಲಿಯ ದಡದಲ್ಲಿ ತಾನಾಗಿ ಒಸರುವ ಎಣ್ಣೆಯನ್ನು ಮೂಲವೆಂದು ಎತ್ತಿಹಿಡಿದರು. ಸರಕಾರಿ ಪ್ರಯೋಗಶಾಲೆಯ ಷಾರ್ಟ್ ಮತ್ತು ಸಂಗಡಿಗರು 1999ರಲ್ಲಿ ಕಲ್ಲಿದ್ದಲೇ ಮೂಲವೆಂದು ವಾದಿಸಿದರು. ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಒಸರಿದ ಎಣ್ಣೆಯಾದರೆ, ಅಲ್ಲಿಯ ಜೀವಿಗಳು ಮೊದಲೇ ಆ ವಿಷಕ್ಕೆ ಒಡ್ಡಿಕೊಂಡಿದ್ದುವೆಂದೂ ಹಾನಿಯ ಹೊಣೆ ಹಡಗೊಂದರದೇ ಅಲ್ಲವೆಂದೂ ವಾದಿಸಬಹುದು. ಕಲ್ಲಿದ್ದಲಾದರೆ, ಆ ಹೈಡ್ರೋಕಾರ್ಬನ್ನುಗಳು ಕಣಗಳೊಳಗೆ ಬಿಗಿಯಾಗಿ ಸಿಕ್ಕಿಕೊಂಡಿದ್ದು ಜೀವಿಗಳಿಗೆ ಬಹುಮಟ್ಟಿಗೆ ದಕ್ಕಲಾರವು. ಆಗ ಈ ವಾದವೂ ನಿಲ್ಲಲಾರದು.

ನೆರವು ನೀಡಿದವರು ಯಾರೆಂಬ ಮಾತ್ರಕ್ಕೆ ಒಂದು ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ; ಪರೀಕ್ಷಿಸತಕ್ಕದ್ದು ವಿಧಾನವನ್ನು. ಅನುಪಾತಗಳಿಂದ ಮೂಲವನ್ನು ಗುರುತಿಸುವ ಕ್ರಮಕ್ಕೆ ಎರಡು ಮಿತಿಗಳುಂಟು. ಮೊದಲನೆಯದು, ಎಣ್ಣೆ ಕಡಲಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ನ್ಯಾಫ್ತಲೀನಿನಂಥ ಹಗುರ ಅಂಶಗಳು ಬೇಗ ಕಳೆದುಹೋಗಿ, ಉಳಿದುದರ ಪ್ರಮಾಣಸಂಬಂಧವೇ ಬದಲಾಗುತ್ತದೆ. ಎರಡನೆಯದು, ಒಂದೇ ಭೂಪ್ರದೇಶದ ಎಣ್ಣೆ, ಜೇಡುಶಿಲೆ ಮತ್ತು ಕಲ್ಲಿದ್ದಲುಗಳ ಲಕ್ಷಣಗಳು ಒಂದರೊಡನೊಂದು ಬೆರೆಯಬಹುದು. 2002ರಲ್ಲಿ ಮಡ್ಜ್ ಅವರು ಸಂಖ್ಯಾಶಾಸ್ತ್ರದ ನೆರವಿನಿಂದ ಮಾಡಿದ ಪುನರ್ಪರಿಶೀಲನೆಯೂ ಒಂದೇ ಮೂಲಕ್ಕೆ ಬದಲು ಮಿಶ್ರಣವನ್ನೇ ಸೂಚಿಸಿತು.

ಇವೆರಡಕ್ಕಿಂತ ದೊಡ್ಡ ಕೊರತೆ ಮತ್ತೊಂದಿದೆ. ಪ್ರಯೋಗಶಾಲೆಯ ದ್ರಾವಕವು ಇದ್ದಿಲಿನ ಕಣದಿಂದಲೂ ಎಣ್ಣೆಯ ಹನಿಯಿಂದಲೂ ಹೈಡ್ರೋಕಾರ್ಬನ್ನುಗಳನ್ನು ಸೆಳೆದು, ಒಂದೇ ಅಂಕಿಯಲ್ಲಿ ಕೂಡಿಸಿಬಿಡುತ್ತದೆ. ಕೆಸರನ್ನು ತಿಂದು ಬದುಕುವ ಹುಳುವಿನ ಕರುಳು ಹಾಗೆ ಸೆಳೆಯಲಾರದು. ಆಳದ ಕೆಸರಿನ ಮಾತಿನಿಂದ ದಂಡೆಯ ವಿಷಯ ತೀರ್ಮಾನವಾಗುವುದೂ ಇಲ್ಲ: 2001ರ ಸಮೀಕ್ಷೆಯಲ್ಲಿ ಭರತ-ಇಳಿತಗಳ ನಡುವಣ ದಂಡೆಯನ್ನು ಅಗೆದಾಗ, ಹಡಗಿನ ಎಣ್ಣೆ ಕಲ್ಲುಮರಳಿನ ಅಡಿಯಲ್ಲಿ ಇನ್ನೂ ಉಳಿದಿತ್ತು.

ಆದ್ದರಿಂದ ಒಟ್ಟು ಪ್ರಮಾಣವನ್ನಷ್ಟೇ ಹೇಳಿ ಮಾಲಿನ್ಯವನ್ನು ಅಳೆದೆನೆನ್ನುವುದು ಸಾಧುವಲ್ಲ. ಎಲ್ಲಿಂದ ಬಂದಿತೆಂಬುದರೊಡನೆ, ಯಾವ ರೂಪದಲ್ಲಿದೆ, ಯಾವ ಜೀವಿಗೆ ದಕ್ಕುತ್ತದೆ ಎಂಬುದನ್ನೂ ವಿದ್ಯಾರ್ಥಿಯು ವಿಚಾರಿಸಬೇಕು. ಹೊಣೆಯ ನಿರ್ಣಯ ಆಮೇಲಿನ ಮಾತು.