ಟ್ಯಾರೋ ಚಿತ್ರಗಳಲ್ಲಿ ಪ್ರಾಣಿಗಳು

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಎಲೆಯಾಟವಾಗಿ. ಅದಕ್ಕೆ ಪ್ರಾಚೀನ ಈಜಿಪ್ಟಿನ ರಹಸ್ಯಜ್ಞಾನದ ನಂಟು ಕಟ್ಟಿದ್ದು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ. ಆ ವಾದಕ್ಕೆ ಆಧಾರವಿಲ್ಲ. ಭವಿಷ್ಯ ಕೇಳುವವರ ನಡುವೆ ಇಂದು ಹೆಚ್ಚು ಬಳಕೆಯಲ್ಲಿರುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, 78 ಕಾರ್ಡುಗಳ ರೈಡರ್–ವೇಟ್ ಕಟ್ಟು. ಅದನ್ನು ಯೋಜಿಸಿದವರು ಆರ್ಥರ್ ಎಡ್ವರ್ಡ್ ವೇಟ್; ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಇದರಲ್ಲಿನ ಪ್ರಾಣಿಗಳನ್ನು ಬಿಡಿ ಸಂಕೇತಗಳಾಗಿ ನೋಡಿದರೆ ಕೈಗೆ ಸಿಗುವುದು ಅಲ್ಪ. ಚಿತ್ರದೊಳಗೆ ಅವು ಎಲ್ಲಿವೆ, ಏನು ಮಾಡುತ್ತಿವೆ ಎಂಬುದರಲ್ಲೇ ಅರ್ಥವಿದೆ.

‘ಚಂದ್ರ’ ಕಾರ್ಡು ಇದಕ್ಕೆ ಉತ್ತಮ ಸಾಕ್ಷಿ. ಕೆಳಗೊಂದು ಕೊಳ, ಅದರಿಂದ ಏಡಿಯಂಥ ಇಕ್ಕುಳಗಳುಳ್ಳ, ಸಿಗಡಿ ಜಾತಿಯ ಜೀವಿಯೊಂದು ದಡಕ್ಕೆ ತೆವಳುತ್ತಿದೆ. ಅಲ್ಲಿಂದ ಹೊರಟ ದಾರಿಯ ಒಂದು ಬದಿಗೆ ನಾಯಿ, ಇನ್ನೊಂದು ಬದಿಗೆ ತೋಳ. ಎರಡೂ ಮುಖವೆತ್ತಿ ಚಂದ್ರನತ್ತ ನೋಡುತ್ತಿವೆ. ದಾರಿ ಎರಡು ಗೋಪುರಗಳ ನಡುವೆ ಹಾದು ಬೆಟ್ಟಗಳಲ್ಲಿ ಮರೆಯಾಗುತ್ತದೆ. ನೀರಿನ ಜೀವಿ ಇಲ್ಲಿಗೆ ಬಂದದ್ದು ಜ್ಯೋತಿಷ್ಯದ ದಾರಿಯಿಂದ: ಕರ್ಕಾಟಕ ರಾಶಿಗೆ ಚಂದ್ರನೇ ಅಧಿಪತಿ ಎಂಬ ಲೆಕ್ಕ ಯುರೋಪಿನಲ್ಲೂ ಭಾರತದಲ್ಲೂ ಒಂದೇ. ನೀರೊಳಗಿನದು, ಕಾಡಿನದು, ಮನೆಯದು ಎಂದು ಮೂರು ಬಗೆಯ ಬದುಕು ಒಂದೇ ಮಂಕು ಬೆಳಕಿನಡಿ ಸೇರಿವೆ. ನಾಯಿ ಎಂದರೆ ನಿಷ್ಠೆ, ತೋಳ ಎಂದರೆ ಕ್ರೌರ್ಯ ಎಂದು ಪಟ್ಟಿ ನೋಡಿ ಹೇಳುವ ಓದು ಈ ಜೋಡಣೆಯನ್ನೇ ಕಳೆದುಕೊಳ್ಳುತ್ತದೆ. ಪಳಗಿದ್ದೂ ಪಳಗದ್ದೂ ಆ ಬೆಳಕಿನಲ್ಲಿ ಒಂದೇ ರೀತಿ ಕಳವಳಗೊಂಡಿವೆ. ಕಾರ್ಡಿನ ಶಕ್ತಿಯೆಲ್ಲ ಅದರಲ್ಲಿದೆ.

‘ಶಕ್ತಿ’ ಕಾರ್ಡಿನ ಸಿಂಹವೂ ಹಾಗೆಯೇ. ವಿಸ್ಕೊಂಟಿ–ಸ್ಫೋರ್ಜಾ ಮನೆತನಕ್ಕಾಗಿ 15ನೇ ಶತಮಾನದಲ್ಲಿ ತಯಾರಾದ ಒಂದು ಕಟ್ಟಿನಲ್ಲಿ ಗಂಡಸೊಬ್ಬ ದೊಣ್ಣೆಯೆತ್ತಿ ಸಿಂಹಕ್ಕೆ ಹೊಡೆಯಲು ನಿಂತಿದ್ದಾನೆ. ಸ್ಮಿತ್ ಅವರ ಚಿತ್ರದಲ್ಲಿ ಹೆಂಗಸೊಬ್ಬಳು ಬಾಗಿ, ಬರಿಗೈಯಿಂದ ಅದರ ಬಾಯಿ ಹಿಡಿದಿದ್ದಾಳೆ. ಸಿಂಹ ಬದಲಾಗಿಲ್ಲ, ಅದರ ಮುಂದೆ ನಿಂತವರು ಬದಲಾಗಿದ್ದಾರೆ. ಬಾಹುಬಲದ ಚಿತ್ರ ಸಂಯಮದ ಚಿತ್ರವಾಗಿದೆ.

‘ಜಗತ್ತು’ ಮತ್ತು ‘ಭಾಗ್ಯಚಕ್ರ’ ಕಾರ್ಡುಗಳ ನಾಲ್ಕು ಮೂಲೆಗಳಲ್ಲಿ ಮನುಷ್ಯ, ಹದ್ದು, ಸಿಂಹ, ಹೋರಿ ಇವೆ. ಇವುಗಳ ಮೂಲ ಬೈಬಲಿನ ಯೆಹೆಜ್ಕೇಲನ ದರ್ಶನ. ಕ್ರೈಸ್ತ ಕಲೆಯಲ್ಲಿ ಇವು ಮತ್ತಾಯ, ಯೋಹಾನ, ಮಾರ್ಕ, ಲೂಕರ ಗುರುತುಗಳು. ಭಾಗ್ಯಚಕ್ರದಲ್ಲಿ ನಾಲ್ವರ ಮುಂದೆಯೂ ಪುಸ್ತಕ ತೆರೆದಿರುವುದು ಅದಕ್ಕೇ. ಈ ಹಿನ್ನೆಲೆ ತಿಳಿಯದೆ ಹೋರಿಯನ್ನು ಹಣಕ್ಕೂ ಹದ್ದನ್ನು ಮಹತ್ವಾಕಾಂಕ್ಷೆಗೂ ತಗಲುಹಾಕುವುದು ಚಿತ್ರಕ್ಕೆ ಮಾಡುವ ಅನ್ಯಾಯ.

ಪ್ರಾಣಿಯ ಅರ್ಥ ಎಲ್ಲ ಕಡೆಯೂ ಒಂದೇ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ‘ಪ್ರೇಮಿಗಳು’ ಕಾರ್ಡಿನಲ್ಲಿ ಮರಕ್ಕೆ ಸುತ್ತಿಕೊಂಡ ಹಾವು ಏದೆನ್ ತೋಟದ್ದು, ಹವ್ವಳನ್ನು ಮರುಳು ಮಾಡಿದ್ದು. ನಾಗರಪಂಚಮಿಗೆ ಹಾಲೆರೆಯುವ, ನಾಗಬನವನ್ನು ಕಡಿಯದೆ ಕಾಯುವ ಕನ್ನಡ ನಾಡಿನಲ್ಲಿ ಹಾವು ಸಂತಾನ ಕೊಡುವ ದೈವ. ಎರಡನ್ನೂ ‘ವಿಶ್ವಸಂಕೇತ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಎರಡರ ಸತ್ವವೂ ಹೋಗುತ್ತದೆ.

ಪ್ರಾಣಿಗಳನ್ನಷ್ಟೇ ಇಟ್ಟುಕೊಂಡ ಕಟ್ಟುಗಳು ಈ ಚೀಲವನ್ನೇ ಮಾರಾಟಕ್ಕಿಟ್ಟವು. 1988ರಲ್ಲಿ ಜೇಮಿ ಸ್ಯಾಮ್ಸ್ ಮತ್ತು ಡೇವಿಡ್ ಕಾರ್ಸನ್ ಅಮೆರಿಕದಲ್ಲಿ ಹೊರತಂದ ‘ಮೆಡಿಸಿನ್ ಕಾರ್ಡ್ಸ್’ ಅವುಗಳಲ್ಲಿ ಪ್ರಸಿದ್ಧ. ಅದು ರಚನೆಯಲ್ಲಿ ಟ್ಯಾರೋ ಅಲ್ಲ. ಕಾರ್ಡಿಗೊಂದು ಪ್ರಾಣಿ, ಪ್ರಾಣಿಗೊಂದು ಪಾಠ. ಬೇರೆ ಬೇರೆ ಮೂಲನಿವಾಸಿ ಸಮುದಾಯಗಳ ಪರಂಪರೆಗಳನ್ನು ಅದು ಒಟ್ಟಿಗೆ ಬೆರೆಸುತ್ತದೆ. ಇಂಥ ವ್ಯಾಪಾರ ಮೂಲನಿವಾಸಿಗಳನ್ನು ನೋಯಿಸಿದೆ: ತಮ್ಮ ಆಚರಣೆಗಳ ದುರ್ಬಳಕೆಯ ವಿರುದ್ಧ ಲಕೋಟಾ ಜನರು 1993ರಲ್ಲಿ ಬಹಿರಂಗ ಘೋಷಣೆಯನ್ನೇ ಹೊರಡಿಸಿದರು. ಚಿತ್ರದ ದೃಷ್ಟಿಯಿಂದಲೂ ಇಂಥ ಕಟ್ಟುಗಳು ಬಡವಾಗಿವೆ. ಒಂಟಿ ಪ್ರಾಣಿಗೆ ಸನ್ನಿವೇಶವಿಲ್ಲ, ಎದುರಾಳಿಯಿಲ್ಲ. ಓದುಗನಿಗೆ ಉಳಿಯುವುದು ಕೈಪಿಡಿ ಮಾತ್ರ.

ಸ್ಮಿತ್ ಅವರ ‘ಒಂಬತ್ತು ನಾಣ್ಯಗಳು’ ಕಾರ್ಡಿನ ಎದುರು ಇದನ್ನಿಟ್ಟು ನೋಡಬೇಕು. ದ್ರಾಕ್ಷಿ ತೋಟದಲ್ಲಿ ನಿಂತ ಸಿರಿವಂತ ಹೆಂಗಸಿನ ಕೈಗವಸಿನ ಮೇಲೆ ಬೇಟೆಯ ಡೇಗೆ ಕೂತಿದೆ. ಅದರ ಕಣ್ಣಿಗೆ ಟೊಪ್ಪಿಗೆ ಮುಚ್ಚಿದೆ. ಕೆಳಗೆ ನೆಲದಲ್ಲಿ ಬಸವನಹುಳು. ಸಂಪತ್ತು, ಶಿಸ್ತು, ಬಂಧನ ಮೂರನ್ನೂ ವಿವರಣೆಯ ಹಂಗಿಲ್ಲದೆ ಆ ಹಕ್ಕಿಯೇ ಹೇಳುತ್ತದೆ.

ಈ ಕಾರ್ಡುಗಳು ಮುಂದಾಗುವುದನ್ನು ತಿಳಿಸುತ್ತವೆ ಎನ್ನಲು ಪುರಾವೆ ಇಲ್ಲ. ಆ ಹೊರೆ ಇಳಿಸಿ ನೋಡಿದರೆ 1909ರ ಕಟ್ಟು ಇವತ್ತಿಗೂ ಗಟ್ಟಿಯಾದ ಚಿತ್ರಕೃತಿ. ಅದರ ನಂತರ ಬಂದ ಪ್ರಾಣಿಸಂಕೇತದ ಪಟ್ಟಿಗಳಿಗೆ ಆ ಮಾತು ಸಲ್ಲುವುದಿಲ್ಲ.