ಕಳೆ ಬಿತ್ತಿದವರು ಯಾರು?

ಜಗದ್ಗುರು ಏಳನೆಯ ಪಯಸ್ ಅವರು 1816ರ ಜನವರಿ 30ರಂದು ಸ್ಪೇನಿನ ಅಧೀನದಲ್ಲಿದ್ದ ಅಮೆರಿಕದ ಧರ್ಮಾಧ್ಯಕ್ಷರಿಗೂ ಯಾಜಕರಿಗೂ ಬರೆದ ‘ಎತ್ಸಿ ಲೊಂಗಿಸ್ಸಿಮೊ’ ಪತ್ರವು ಗಾತ್ರದಲ್ಲಿ ಕಿರಿದು. ವೈರಿಯು ಬಿತ್ತಿದ ದಂಗೆಯೆಂಬ ಕಳೆಯನ್ನು ಬೇರುಸಹಿತ ಕೀಳಬೇಕು, ದೊರೆ ಏಳನೆಯ ಫರ್ಡಿನೆಂಡನಿಗೆ ನಿಷ್ಠರಾಗಿರುವಂತೆ ಜನರಿಗೆ ಬೋಧಿಸಬೇಕು ಎಂಬುದು ಅದರ ತಾತ್ಪರ್ಯ.

ಈ ರೂಪಕದ ಮೂಲ ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದ ಸಾಮತಿ. ಅಲ್ಲಿ ಹೊಲದ ಯಜಮಾನನು ಕಳೆ ಕೀಳಲು ಹೊರಟ ಆಳುಗಳನ್ನು ತಡೆಯುತ್ತಾನೆ. ಗೋಧಿಯೂ ಕಿತ್ತುಬಂದೀತೆಂಬುದು ಅವನ ಆತಂಕ. ಪತ್ರವು ಸಾಮತಿಯಿಂದ ವೈರಿಯನ್ನು ಮಾತ್ರ ಎತ್ತಿಕೊಂಡು ಯಜಮಾನನ ಅಪ್ಪಣೆಯನ್ನು ಕೈಬಿಟ್ಟಿದೆ.

ಬಿತ್ತಿದವನನ್ನು ಗುರುತಿಸುವಲ್ಲಿಯೂ ಅದು ಎಡವಿದೆ. 1808ರಲ್ಲಿ ನೆಪೋಲಿಯನ್ ಬಯೋನ್ ನಗರದಲ್ಲಿ ನಾಲ್ಕನೆಯ ಚಾರ್ಲ್ಸ್ ಮತ್ತು ಅವನ ಮಗ ಫರ್ಡಿನೆಂಡ್ ಇಬ್ಬರಿಂದಲೂ ಸಿಂಹಾಸನವನ್ನು ತ್ಯಜಿಸಿಸಿ, ತನ್ನ ಅಣ್ಣ ಜೋಸೆಫನನ್ನು ಪಟ್ಟಕ್ಕೇರಿಸಿದನು. ಅರಸನಿಲ್ಲದಾಗ ಅಧಿಕಾರ ಯಾರದೆಂದು ಮೊದಲು ಕೇಳಿದವರು ಸ್ಪೇನಿನ ಪ್ರಜೆಗಳೇ. ಅಧಿಕಾರವು ಜನರಿಗೆ ಮರಳಿತೆಂದು ಅವರು ಆಡಳಿತ ಮಂಡಳಿಗಳನ್ನು ರಚಿಸಿಕೊಂಡರು. 1810ರಲ್ಲಿ ಕರಾಕಸ್ ಹಾಗೂ ಬ್ಯೂನಸ್ ಐರಿಸ್ ನಗರಗಳು ಅದೇ ತರ್ಕವನ್ನು, ಅದೇ ಫರ್ಡಿನೆಂಡನ ಹೆಸರಿನಲ್ಲಿ, ತಮಗೂ ಅನ್ವಯಿಸಿಕೊಂಡವು. ಆ ವರ್ಷವೇ ಮೆಕ್ಸಿಕೋದಲ್ಲಿ ಯಾಜಕ ಮಿಗೆಲ್ ಇದಾಲ್ಗೊ ಬಂಡಾಯವೆದ್ದರು. ಮೂಲನಿವಾಸಿಗಳ ಮೇಲಿನ ಕಪ್ಪಕಾಣಿಕೆ, ಗುಲಾಮಗಿರಿ, ಸ್ಪೇನಿನಲ್ಲಿ ಹುಟ್ಟಿದವರ ಮೇಲುಗೈ ಇವೆಲ್ಲ ಹಳೆಯ ನೋವುಗಳು. ಸ್ಪೇನಿನ ಕ್ಷೋಭೆಯು ಅವುಗಳಿಗೆ ಬಾಯಿ ಕೊಟ್ಟಿತು.

ಪತ್ರ ಬರೆದವರು ಇದನ್ನು ಅರಿಯದವರಲ್ಲ. 1797ರ ಕ್ರಿಸ್ಮಸ್ ಪ್ರಬೋಧನೆಯಲ್ಲಿ, ಇಮೋಲಾದ ಧರ್ಮಾಧ್ಯಕ್ಷರಾಗಿದ್ದಾಗ, ಪ್ರಜಾಪ್ರಭುತ್ವವು ಶುಭಸಂದೇಶಕ್ಕೆ ವಿರುದ್ಧವಲ್ಲವೆಂದು ಸಾರಿದವರು ಅವರೇ. 1809ರಿಂದ 1814ರವರೆಗೆ ನೆಪೋಲಿಯನ್ನನ ಸೆರೆಯಾಳಾಗಿದ್ದವರಿಗೆ ಮರಳಿ ಪಟ್ಟವೇರಿದ ಅರಸರಲ್ಲಿ ಆಶ್ರಯ ಕಂಡದ್ದು ಸಹಜ. ಆದರೆ ಅರಸನು ಮರಳಿದ ಮಾತ್ರಕ್ಕೆ ಅವನ ಗೈರುಹಾಜರಿಯಲ್ಲಿ ಎದ್ದ ಪ್ರಶ್ನೆ ಅಳಿಯಲಿಲ್ಲ.

ಮುಂದಿನ ಇತಿಹಾಸ ಇನ್ನೂ ಕಟುವಾದದ್ದು. 1820ರಲ್ಲಿ ಸ್ಪೇನಿನ ಸೈನಿಕ ದಂಗೆಯು ಫರ್ಡಿನೆಂಡನನ್ನು ಸಂವಿಧಾನಕ್ಕೆ ಮಣಿಸಿತು. ಹೊಸ ಸಂಸತ್ತು ಧರ್ಮಸಭೆಯ ಸವಲತ್ತುಗಳಿಗೆ ಕೈಹಾಕಿತು. ಆಗ ಇದಾಲ್ಗೊರನ್ನು ಖಂಡಿಸಿದ್ದ ಮೆಕ್ಸಿಕೋದ ಉನ್ನತ ಯಾಜಕವರ್ಗದ ಅನೇಕರು 1821ರ ಇಗ್ವಾಲಾ ಯೋಜನೆಯನ್ನು, ಅಂದರೆ ಸ್ವಾತಂತ್ರ್ಯವನ್ನೇ, ಬೆಂಬಲಿಸಿದರು. ಬಡವರ ನೋವಿಗೆ ಕದಲದ ವಿಧೇಯತೆಯ ಬೋಧನೆಯು ತಮ್ಮ ಸವಲತ್ತಿಗೆ ಧಕ್ಕೆಯಾದಾಗ ಕದಲಿತು.

ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಸ್ಪೇನಿನ ಅರಸನದಾಗಿದ್ದುದರಿಂದ, ಸ್ವಾತಂತ್ರ್ಯಾನಂತರ ಪೀಠಗಳು ಬರಿದಾಗುತ್ತ ಹೋದವು. 1829ರಲ್ಲಿ ಮೆಕ್ಸಿಕೋದ ಕೊನೆಯ ಧರ್ಮಾಧ್ಯಕ್ಷರೂ ನಿಧನರಾದರು. 1831ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿ ಅವರು, ವಾಸ್ತವವಾಗಿ ಆಳುತ್ತಿರುವವರೊಡನೆ ವ್ಯವಹರಿಸುವುದು ಅವರ ಹಕ್ಕಿನ ಕುರಿತ ತೀರ್ಪಲ್ಲವೆಂದು ಸ್ಪಷ್ಟಪಡಿಸಿದರು. ಕುರಿಮಂದೆಯ ಅಗತ್ಯವು ಪೀಠವನ್ನು ಆ ನಿಲುವಿಗೆ ತಂದಿತು.

ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಬೋಧಿಸುವ ಯಾಜಕನು, ಆಳುವವನು ಒಳಿತಿಗಾಗಿ ದೇವರ ಸೇವಕನೆಂಬ ಅದರ ನಾಲ್ಕನೆಯ ವಾಕ್ಯದವರೆಗೂ ಓದಬೇಕು. ಆ ಒಳಿತು ಯಾರ ಪಾಲಿಗೆ ಬಂದಿದೆಯೆಂದು 1816ರ ಪತ್ರ ಕೇಳಲಿಲ್ಲ.